ಕುಂದುವಾಡ ಕೆರೆಯೋ, ನಾಲೆ ಏರಿಯೋ, ದುರ್ಗದ ಕೋಟೆಯೋ: ನೂರು ಕಿಲೋಮೀಟರಿಗೆ ನಮ್ಮ ತಯಾರಿ

ನವೆಂಬರ್‌ನಲ್ಲಿ ನಾವು ನಾಲ್ಕು ಜನ ಹಾಂಗ್‌ಕಾಂಗ್‌ಗೆ ಹೊರಟಿದ್ದೇವೆ. ಅಲ್ಲಿ ಆಕ್ಸ್‌ಫ್ಯಾಮ್ ಟ್ರೈಲ್‌ವಾಕರ್ ಅಂತ ನಡೆಯುತ್ತದೆ. ಬಡವರಿಗಾಗಿ ಮಾಡುವ ಕೆಲಸಕ್ಕೆ ದುಡ್ಡು ಕೂಡಿಸುವ ಓಟ. ನೂರು ಕಿಲೋಮೀಟರ್ ದಾರಿ, 48 ಗಂಟೆ ಸಮಯ, ನಾಲ್ಕು ಜನರ ತಂಡ. ಓಡಿ, ನಡೀರಿ, ನಿಮ್ಮಿಷ್ಟ. ಆದರೆ ನಾಲ್ಕೂ ಜನ ಜೊತೆಗೇ ಚೆಕ್‌ಪಾಯಿಂಟ್ ದಾಟಬೇಕು. 1981ರಲ್ಲಿ ಅಲ್ಲಿದ್ದ ಗೂರ್ಖಾ ಸೈನಿಕರ ತರಬೇತಿಯಾಗಿ ಶುರುವಾಗಿದ್ದು, 1986ರಿಂದ ಸಾಮಾನ್ಯ ಜನರೂ ಸೇರಬಹುದು ಅಂತಾಯಿತು.

ನಮ್ಮ ತಂಡದಲ್ಲಿ ನಾನು, ಅಂದರೆ ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿರುವವನು. ಐವತ್ತು ದಾಟಿದ ಒಬ್ಬ ಪಿ.ಇ. ಮೇಷ್ಟ್ರು. ಬ್ಯಾಂಕಿನಲ್ಲಿರುವ ಅಕ್ಕ. ಮತ್ತೆ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವ ಒಬ್ಬ ಹುಡುಗ. ಫೆಬ್ರವರಿಯಿಂದ ತಯಾರಿ ನಡೆದಿದೆ. ಅಂಗಡಿಗೆ ಬಂದವರೆಲ್ಲ ಎಲ್ಲಿ ಓಡ್ತೀರಿ, ಏನು ತಿಂತೀರಿ ಅಂತ ಕೇಳುತ್ತಾರೆ. ಎಲ್ಲವನ್ನೂ ಮಾಡಿ ನೋಡಿದ್ದೇವೆ, ಹಾಗಾಗಿ ಒಂದೇ ಕಡೆ ಬರೆದುಬಿಡುತ್ತೇನೆ.

ಮೊದಲು ಕುಂದುವಾಡ ಕೆರೆ. ದಾವಣಗೆರೆಯಲ್ಲಿ ಓಡುವವರು ಶುರು ಮಾಡೋದೇ ಅಲ್ಲಿ, ಅಲ್ವಾ? ಬೆಳಿಗ್ಗೆ ಐದೂವರೆಗೆ ತಂಗಾಳಿ, ಸುತ್ತಲೂ ಜನ, ಒಬ್ಬರೇ ಹೋದರೂ ಭಯವಿಲ್ಲ. ದಾರಿ ಸಮ. ಎರಡು ತಿಂಗಳು ಅಲ್ಲೇ ಸುತ್ತಿದೆವು. ಏಪ್ರಿಲ್ ಹೊತ್ತಿಗೆ ನಾಲ್ಕೂ ಜನ ನಿಲ್ಲದೆ ಮೂರು ಗಂಟೆ ಓಡುವ ಹಾಗಾದೆವು, ಉಸಿರು ಪಳಗಿತು. ಇನ್ನೇನು ಬೇಕು ಅಂದುಕೊಂಡೆವು.

ಆಮೇಲೆ ಹುಡುಗ ಅಲ್ಲಿನ ದಾರಿಯ ನಕ್ಷೆ ತೆಗೆದು ತೋರಿಸಿದ. ಮ್ಯಾಕ್‌ಲೆಹೋಸ್ ಟ್ರೈಲ್, 1979ರಲ್ಲಿ ತೆರೆದ ದಾರಿ, ಹತ್ತು ಭಾಗ. ದಾರಿಯುದ್ದಕ್ಕೂ ಗುಡ್ಡದ ಮೇಲೆ ಗುಡ್ಡ. ನೀಡಲ್ ಹಿಲ್ 532 ಮೀಟರ್, ಅದಾದ ಮೇಲೆ ತೈ ಮೋ ಶಾನ್ 957 ಮೀಟರ್. ದಾವಣಗೆರೆಯೇ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, 957 ಏನು ಮಹಾ ಅಂತ ನನಗೂ ಅನ್ನಿಸಿತ್ತು. ಆದರೆ ಅಲ್ಲಿ ಕೆಲವು ಕಡೆ ಸಮುದ್ರದ ದಡಕ್ಕೇ ಇಳಿದು ಅಲ್ಲಿಂದ ಮತ್ತೆ ಹತ್ತಬೇಕು, ಹತ್ತಿದ್ದನ್ನು ಮತ್ತೆ ಇಳೀಬೇಕು, ಅದೂ ಬಹಳ ಕಡೆ ಸಿಮೆಂಟಿನ ಮೆಟ್ಟಿಲು. ಕೆರೆ ದಂಡೆಯಲ್ಲಿ ಎಷ್ಟು ಸುತ್ತು ಹೊಡೆದರೂ ಒಂದು ಮೆಟ್ಟಿಲೂ ಸಿಗುವುದಿಲ್ಲ.

ಹೈವೇ ಸರ್ವಿಸ್ ರಸ್ತೆಯಲ್ಲಿ ಎರಡು ಸಲ ಓಡಿದೆವು. ಟಾರು, ಧೂಳು, ಎದುರಿಗೆ ರಾಂಗ್ ಸೈಡಿನಲ್ಲಿ ಬರುವ ಬೈಕು. ಬಿಟ್ಟುಬಿಟ್ಟೆವು. ಯಾರಿಗೂ ಹೇಳುವುದಿಲ್ಲ.

ಭದ್ರಾ ನಾಲೆ ಏರಿ ಹಾಗಲ್ಲ. ಅದು ನನಗೆ ತುಂಬಾ ಇಷ್ಟವಾದ ಜಾಗ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ಅಡಿಕೆ ತೋಟ. ಕಾಲ ಕೆಳಗೆ ಮಣ್ಣು ಮೆತ್ತಗಿರುತ್ತದೆ, ಮಂಡಿಗೆ ಪೆಟ್ಟು ಕಡಿಮೆ. ನಾಲ್ಕು ತಾಸು ನಡೆದರೂ ಮಾರನೇ ದಿನ ಅಂಗಡಿಯಲ್ಲಿ ನಿಂತು ಕೆಲಸ ಮಾಡಬಹುದು. ಮಳೆ ಬಿದ್ದಾಗ ಮಾತ್ರ ಕಪ್ಪು ಮಣ್ಣು ಶೂಗೆ ಮೆತ್ತಿಕೊಂಡು ಒಂದೊಂದು ಕಾಲೂ ಒಂದೊಂದು ಕಿಲೋ ಆಗುತ್ತದೆ, ಆ ದಿನ ಹೋಗಬೇಡಿ. ಕೆರೆಗೂ ನಾಲೆಗೂ ಹೋಲಿಸಿದರೆ ಓಟದ ವೇಗಕ್ಕೆ ಕೆರೆ ವಾಸಿ. ಗಂಟೆಗಟ್ಟಲೆ ಕಾಲ ಮೇಲಿರೋದಕ್ಕೆ ನಾಲೆ. ನಮಗೆ ಬೇಕಾದದ್ದು ಎರಡನೆಯದು.

ರಾತ್ರಿ ಅಭ್ಯಾಸವೂ ನಾಲೆ ಮೇಲೇ ಮಾಡಿದೆವು. 48 ಗಂಟೆ ಅಂದರೆ ಕತ್ತಲೆಯಲ್ಲಿ ನಡೆಯಲೇಬೇಕು. ಹುಣ್ಣಿಮೆ ಹತ್ತಿರದ ಶನಿವಾರ ನೋಡಿಕೊಂಡು, ತಲೆಗೆ ಟಾರ್ಚ್ ಕಟ್ಟಿಕೊಂಡು, ರಾತ್ರಿ ಹತ್ತಕ್ಕೆ ಹೊರಟು ಬೆಳಗಿನ ಜಾವ ನಾಲ್ಕಕ್ಕೆ ವಾಪಸ್. ಹಾವಿನ ಭಯಕ್ಕೆ ಮುಂದಿನವರು ಕೋಲು ಬಡಿಯುತ್ತಾ ಹೋಗಬೇಕು. ಎರಡನೇ ರಾತ್ರಿ ಒಂದು ವಿಷಯ ಗೊತ್ತಾಯಿತು. ಯಾವಾಗಲೂ ಮಾತಾಡುವ ಅಕ್ಕ ಸುಮ್ಮನಾದರೆ ಅವರಿಗೆ ಹಸಿವಾಗಿದೆ ಅಂತ ಅರ್ಥ. ಅವರು ಬಾಯಿ ಬಿಟ್ಟು ಹೇಳುವುದಿಲ್ಲ, ಹೆಜ್ಜೆ ಮಾತ್ರ ನಿಧಾನವಾಗುತ್ತದೆ. ಈಗ ನಾವೇ ಕೇಳುತ್ತೇವೆ.

ಇನ್ನು ದುರ್ಗ, ಅಂದರೆ ಚಿತ್ರದುರ್ಗ. ದಾವಣಗೆರೆಯಿಂದ 60 ಕಿಲೋಮೀಟರ್, ಬೆಳಿಗ್ಗೆ ಮೊದಲ ಬಸ್ಸು ಹಿಡಿದರೆ ಬಿಸಿಲೇರುವ ಮುಂಚೆ ತಲುಪಬಹುದು. ಮೊದಲ ಸಲ ಹೋಗಿದ್ದು ಜೋಗಿಮಟ್ಟಿಗೆ. ದುರ್ಗದಿಂದ ಸುಮಾರು 10 ಕಿಲೋಮೀಟರ್, ಆಡುಮಲ್ಲೇಶ್ವರ ದಾಟಿ ಮೇಲೆ ಹೋಗುವ ತಿರುವು ತಿರುವಿನ ರಸ್ತೆ. ಕರಡಿ, ಚಿರತೆ ಇರುವ ಕಾಡು. ಗೇಟಿನಲ್ಲಿ ಕೇಳಿಕೊಂಡು, ಅವರು ಹೇಳಿದ ಹೊತ್ತಿಗೆ ವಾಪಸ್ ಬರಬೇಕು. ಹತ್ತುವಾಗ ಯಾರಿಗೂ ಕಷ್ಟವಾಗಲಿಲ್ಲ. ಕೆರೆಯಲ್ಲಿ ಪಳಗಿದ ಉಸಿರು ಕೈ ಹಿಡಿಯಿತು. ಮೇಲೆ ನಿಂತರೆ ಗಾಳಿ ಹೇಗೆ ಬೀಸುತ್ತದೆ ಅಂದರೆ ಬೆವರು ಹತ್ತೇ ನಿಮಿಷಕ್ಕೆ ಆರಿ ಚಳಿ ಹಿಡಿಯುತ್ತದೆ. ಆ ಗುಡ್ಡಸಾಲಿನಲ್ಲಿ ಗಾಳಿ ಫ್ಯಾನುಗಳನ್ನು ಯಾಕೆ ನೆಟ್ಟಿದ್ದಾರೆ ಅಂತ ಅಲ್ಲಿ ನಿಂತವರಿಗೆ ಯಾರೂ ಹೇಳಬೇಕಾಗಿಲ್ಲ.

ಇಳಿಯುವಾಗ ಖುಷಿಯಲ್ಲಿ ಓಡಿಬಿಟ್ಟೆವು. ಆವತ್ತು ಏನೂ ಆಗಲಿಲ್ಲ. ಮಾರನೇ ದಿನ ತೊಡೆ ಬಿಗಿದುಕೊಂಡಿತು, ಮೂರನೇ ದಿನ ಅಂಗಡಿಯ ಮೂರು ಮೆಟ್ಟಿಲು ಇಳಿಯೋಕೆ ಷಟರ್ ಹಿಡಿದುಕೊಂಡು ಅಡ್ಡಡ್ಡ ತಿರುಗಿ ಒಂದೊಂದೇ ಕಾಲು ಇಟ್ಟೆ. ಹತ್ತುವಾಗ ಸ್ನಾಯು ಕುಗ್ಗಿ ಕೆಲಸ ಮಾಡುತ್ತದೆ. ಇಳಿಯುವಾಗ ಹಿಗ್ಗುತ್ತಲೇ ಮೈಭಾರ ತಡೀಬೇಕು, ಅದಕ್ಕೇ ಒಳಗೆ ಸಣ್ಣದಾಗಿ ಹರಿಯುತ್ತದೆ, ನೋವು ತಡವಾಗಿ ಬರುತ್ತದೆ. ಒಳ್ಳೆಯದೇನಂದರೆ ಸ್ನಾಯು ಇದನ್ನು ಬೇಗ ಕಲಿಯುತ್ತದೆ. ಮೂರು ವಾರ ಬಿಟ್ಟು ಅದೇ ರಸ್ತೆ ಇಳಿದಾಗ ಅರ್ಧದಷ್ಟೂ ನೋವಿರಲಿಲ್ಲ.

ಆದರೂ ಜೋಗಿಮಟ್ಟಿ ರಸ್ತೆ ರಸ್ತೆಯೇ. ಮೆಟ್ಟಿಲಿಲ್ಲ. ಹಾಗಾಗಿ ಜೂನ್‌ನಿಂದ ಕೋಟೆಗೆ ಹೋಗಲು ಶುರು ಮಾಡಿದೆವು. ಏಳು ಸುತ್ತಿನ ಕೋಟೆ, ಬಾಗಿಲು ತೆರೆಯುವ ಹೊತ್ತಿಗೆ ಟಿಕೆಟ್ ತಗೊಂಡು ಒಳಗೆ. ಏಕನಾಥೇಶ್ವರಿ ಗುಡಿಯವರೆಗೆ ಹತ್ತಿ, ಅಕ್ಕ ತಂಗಿ ಹೊಂಡದ ಕಡೆ ಹೋಗಿ, ವಾಪಸ್ ಇಳಿದು, ಮತ್ತೆ ಹತ್ತೋದು. ಮೂರು ಸಲ. ಕಲ್ಲಿನ ಮೆಟ್ಟಿಲು ಒಂದರ ಹಾಗೆ ಇನ್ನೊಂದಿಲ್ಲ: ಒಂದು ಗೇಣುದ್ದ, ಇನ್ನೊಂದು ಮೊಣಕಾಲೆತ್ತರ, ಮಗದೊಂದು ಸವೆದು ನುಣುಪಾಗಿ ಬೆಳಗಿನ ಇಬ್ಬನಿಗೆ ಜಾರುತ್ತದೆ. ಪ್ರತಿ ಹೆಜ್ಜೆಯನ್ನೂ ನೋಡಿ ಇಡಬೇಕು. ತುಪ್ಪದ ಕೊಳದ ಬತೇರಿಗೆ, ಅಂದರೆ ಕಾವಲು ಬುರುಜಿಗೆ, ಹತ್ತುವ ಬಂಡೆಯಲ್ಲಂತೂ ಕೊರೆದ ಗುಳಿಗಳಲ್ಲಿ ಅರ್ಧ ಪಾದ ಮಾತ್ರ ಹಿಡಿಯುತ್ತದೆ. ಮೇಷ್ಟ್ರು ಅಲ್ಲಿ ಶೂ ಬಿಚ್ಚಿ ಬರಿಗಾಲಲ್ಲಿ ಹತ್ತಿದರು. "ಸರ್, ಜೋಪಾನ" ಅಂದರೆ "ನೀನು ನಿನ್ನ ಕಾಲು ನೋಡ್ಕೋ, ನನ್ನ ಬೆರಳು ಕಲ್ಲು ಹಿಡಿದಿವೆ" ಅಂದರು. ನಿಜ, ದಪ್ಪ ಸೋಲಿನ ಶೂ ಇದ್ದ ನನಗೇ ಕಾಲು ಅಲುಗಾಡುತ್ತಿತ್ತು. ತರಬೇತಿಗೆ ಆ ಬಂಡೆ ಬೇಡ, ಒಮ್ಮೆ ನೋಡಿ ಬರೋದಕ್ಕೆ ಸಾಕು.

ಕೋಟೆಯಲ್ಲಿ ಕಿಲೋಮೀಟರ್ ಲೆಕ್ಕ ತುಂಬಾ ಕಡಿಮೆ ಬರುತ್ತದೆ. ಹುಡುಗನಿಗೆ ಅದು ಬೇಜಾರು. ವಾಚಿನಲ್ಲಿ 30 ಕಿಲೋಮೀಟರ್ ಕಂಡರೆ ಅವನಿಗೆ ಸಮಾಧಾನ. ನಾನು ಹೇಳೋದು, ಕೋಟೆಯ ಮೂರು ಸುತ್ತು ಕೆರೆಯ ಮೂರು ಗಂಟೆಗಿಂತ ನಮಗೆ ಜಾಸ್ತಿ ಕೊಟ್ಟಿದೆ. ನಾಲ್ವರಲ್ಲಿ ಯಾರಿಗೆ ಎಲ್ಲಿ ಕಷ್ಟ ಅಂತ ತೋರಿಸಿದ್ದು ಕೋಟೆ. ಕೆರೆಯಲ್ಲಿ ಹಿಂದೆ ಬೀಳುತ್ತಿದ್ದ ಅಕ್ಕ ಮೆಟ್ಟಿಲಲ್ಲಿ ಎಲ್ಲರಿಗಿಂತ ಮುಂದೆ, ಒಂದೇ ಸಮ, ಉಸಿರು ಕೆಡದೆ. ಕೆರೆಯಲ್ಲಿ ಮುಂದಿರುತ್ತಿದ್ದ ಹುಡುಗ ಇಳಿಜಾರಿನಲ್ಲಿ ಹೆದರಿ ಹಿಂದೆ. ಮೇಷ್ಟ್ರಿಗೆ ಮಂಡಿ. ಈಗ ಹತ್ತುವಾಗ ಅಕ್ಕ ಮುಂದೆ, ಇಳಿಯುವಾಗ ಮೇಷ್ಟ್ರು ಮುಂದೆ, ಅವರ ಹೆಜ್ಜೆಗೆ ನಮ್ಮ ಹೆಜ್ಜೆ. ಸಮ ದಾರಿಯಲ್ಲಷ್ಟೇ ತಯಾರಾಗಿದ್ದರೆ ಈ ಹೊಂದಾಣಿಕೆ ನೀಡಲ್ ಹಿಲ್ ಮೇಲೆ ಮಾಡಬೇಕಾಗುತ್ತಿತ್ತು, ಅರ್ಧ ದಾರಿ ಮುಗಿದು ಸುಸ್ತಾದ ಮೇಲೆ.

ಕೋಟೆಗೆ ಒಂದು ತೊಂದರೆ ಇದೆ. ಹತ್ತು ಗಂಟೆ ಮೇಲೆ ಬಂಡೆ ಕಾದು ಮೇಲಿಂದಲೂ ಕೆಳಗಿಂದಲೂ ಸುಡುತ್ತದೆ. ಹಾಂಗ್‌ಕಾಂಗ್‌ನಲ್ಲಿ ನವೆಂಬರ್ ಅಂದರೆ 22 ಡಿಗ್ರಿ ಆಸುಪಾಸು, ಅಷ್ಟು ಸುಟ್ಟುಕೊಳ್ಳುವ ಅಗತ್ಯವೇ ಇಲ್ಲ. ಒಂಬತ್ತೂವರೆಗೆ ಹೊರಗೆ ಬಂದುಬಿಡಿ.

ಈಗ ತಿನ್ನೋ ವಿಷಯ. ಇಲ್ಲಿ ನಾವು ಹೆಚ್ಚು ತಪ್ಪು ಮಾಡಿದ್ದೇವೆ.

ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಹೊಟ್ಟೆಗೆ ಹೋಗಬೇಕು ಅನ್ನೋದು ದೂರದ ಓಟದವರ ಸಾಮಾನ್ಯ ಲೆಕ್ಕ. ಜೆಲ್ ಅಂದರೆ ಓಡುವವರು ಹೀರುವ ಸಕ್ಕರೆ ಪಾಕದ ಸಣ್ಣ ಪ್ಯಾಕೆಟ್, ಒಂದರಲ್ಲಿ 20ರಿಂದ 25 ಗ್ರಾಂ ಇರುತ್ತದೆ. ಬೇಗ ಹತ್ತುತ್ತದೆ, ಜೇಬಿನಲ್ಲಿ ಹಿಡಿಯುತ್ತದೆ. ಆದರೆ ಒಂದಕ್ಕೆ ನೂರು ರೂಪಾಯಿ ಮೇಲೆ, ನಾಲ್ಕನೆಯದನ್ನು ನುಂಗುವ ಹೊತ್ತಿಗೆ ನನಗೆ ಬಾಯೆಲ್ಲ ಅಂಟು, ಹೊಟ್ಟೆ ತೊಳಸು. ಒಂದೂವರೆ ದಿನ ಅದನ್ನೇ ತಿನ್ನೋಕೆ ಆಗುವುದಿಲ್ಲ. ಶೇಂಗಾ ಚಿಕ್ಕಿ ರುಚಿ, ನಡೆಯುವಾಗ ಪರವಾಗಿಲ್ಲ, ಹತ್ತುವಾಗ ಅಗಿಯೋಕೆ ಉಸಿರು ಸಾಲದು. ಖರ್ಜೂರ ಚೆನ್ನಾಗಿದೆ, ಬೀಜ ತೆಗೆದು ಇಟ್ಟುಕೊಳ್ಳಿ. ಬಾಳೆಹಣ್ಣು ಬ್ಯಾಗಿನಲ್ಲಿ ನಜ್ಜುಗುಜ್ಜು.

ದಾವಣಗೆರೆಯವರು ಅಂದಮೇಲೆ ಮಂಡಕ್ಕಿ ಬಿಡೋಕಾಗುತ್ತಾ? ಮೊದಲು ಖಾರ ಮಂಡಕ್ಕಿ ಕಟ್ಟಿಕೊಂಡು ಹೋದೆವು. ಓಡಿ ಒಣಗಿದ ಬಾಯಲ್ಲಿ ಅದು ಗಂಟಲಿಗೆ ಅಂಟಿ, ಖಾರ ಎದೆಗೇರಿ, ಅರ್ಧ ಗಂಟೆ ಕೆಮ್ಮು. ಆಮೇಲೆ ಅಕ್ಕ ಮಂಡಕ್ಕಿ ಒಗ್ಗರಣೆ ಮಾಡಿ ತಂದರು. ನೀರಲ್ಲಿ ನೆನೆಸಿ ಹಿಂಡಿದ ಮಂಡಕ್ಕಿ, ಉಪ್ಪು ಒಂದು ಚಿಟಿಕೆ ಜಾಸ್ತಿ, ನಿಂಬೆಹುಳಿ, ಮೆಣಸಿನಕಾಯಿ ಇಲ್ಲ, ಈರುಳ್ಳಿ ಇಲ್ಲ, ಪುಟಾಣಿ ಹಿಟ್ಟು ಸ್ವಲ್ಪ. ಮೆತ್ತಗೆ ಬಾಯಲ್ಲಿ ಕರಗುತ್ತದೆ. ಆರು ತಾಸು ನಡೆದ ಮೇಲೂ ಎಲ್ಲರೂ ಇನ್ನೊಂದು ತುತ್ತು ಕೇಳಿದ ಏಕೈಕ ತಿಂಡಿ ಅದು. ಒಣ ಮಂಡಕ್ಕಿಯನ್ನು ಅಂಗಡಿ ತಕ್ಕಡಿಯಲ್ಲಿ ತೂಗಿದೆ, ಒಂದು ಪಾವಿಗೆ ಇಪ್ಪತ್ತು ಗ್ರಾಂ ಆಚೀಚೆ. ಬ್ಯಾಗಿಗೆ ಭಾರವೇ ಇಲ್ಲ. ಅಲ್ಲಿ ನೆನೆಸಿ ಕಲಸಿಕೊಂಡರಾಯಿತು. ನನ್ನ ಓಟು ಇದಕ್ಕೇ. ಜೆಲ್ ತಲಾ ಎರಡು, ಕೊನೆಯ ಗುಡ್ಡಗಳಿಗೆ ಮಾತ್ರ.

ಕುಡಿಯೋದಕ್ಕೆ ಬರೀ ನೀರು ಸಾಲದು. ಮೇ ತಿಂಗಳಲ್ಲಿ ಹುಡುಗ ನೀರು ಕುಡಿದು ಕುಡಿದು ತಲೆಭಾರ, ಓಕರಿಕೆ ಬಂದು ನಾಲೆ ಏರಿ ಮೇಲೆ ಕೂತುಬಿಟ್ಟ. ಬೆವರಲ್ಲಿ ಉಪ್ಪು ಹೋಗುತ್ತಿರುವಾಗ ನೀರು ಮಾತ್ರ ಸುರಿದರೆ ರಕ್ತದ ಉಪ್ಪಿನಂಶ ತೆಳುವಾಗುತ್ತದೆ, ಅದು ಅಪಾಯ. ಮಜ್ಜಿಗೆ ಹೊಟ್ಟೆಯಲ್ಲಿ ಕುಲುಕುತ್ತದೆ, ಬಿಸಿಲಿಗೆ ಹುಳಿಯಾಗುತ್ತದೆ. ನಿಂಬೆ ಶರಬತ್ತಿಗೆ ಉಪ್ಪು ಹಾಕಿದ್ದು ಎರಡು ತಾಸಿನ ಓಟಕ್ಕೆ ಸಾಕು. ಅದಕ್ಕಿಂತ ಜಾಸ್ತಿಯಾದರೆ ಓಆರ್‌ಎಸ್ ಪುಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು, ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್. ಜ್ಯೂಸ್ ಥರ ಡಬ್ಬಿಯಲ್ಲಿ ಬರುತ್ತಿದ್ದ ಸಿಹಿ ಪಾನೀಯಗಳು ಬೇರೆ, ಅವುಗಳಲ್ಲಿ ಸಕ್ಕರೆ ತುಂಬಾ ಜಾಸ್ತಿ. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅಂಥವು ಓಆರ್‌ಎಸ್ ಅಂತ ಹೆಸರು ಹಾಕಿಕೊಳ್ಳಬಾರದು ಅಂತ ಆದೇಶ ಮಾಡಿತು. ಕೌಂಟರ್ ಹಿಂದೆ ನಿಂತವನಾಗಿ ಹೇಳುತ್ತೇನೆ, ಪ್ಯಾಕೆಟ್ ಹಿಂದಿನ ಸೂತ್ರ ಓದಿ ತಗೊಳ್ಳಿ.

ಶೂ ಬಗ್ಗೆ ಎರಡೇ ಮಾತು. ಒಂದು ಸೈಜ್ ದೊಡ್ಡದು ತಗೊಳ್ಳಿ, ಕಾಲು ಊದುತ್ತದೆ. ನುಣುಪು ಸೋಲಿನ ರೋಡ್ ಶೂಗಿಂತ ಹಲ್ಲಿರುವ ಟ್ರೈಲ್ ಶೂ ಕೋಟೆಯ ಇಬ್ಬನಿಯಲ್ಲಿ ವಾಸಿ. ಮೇಷ್ಟ್ರ ಮಂಡಿಗೆ ಜೋಡಿ ಕೋಲು ತಗೊಂಡೆವು, ಜೋಗಿಮಟ್ಟಿ ಇಳಿಯುವಾಗ ಅವರ ಮುಖದಲ್ಲೇ ವ್ಯತ್ಯಾಸ ಗೊತ್ತಾಯಿತು.

ದುಡ್ಡು ಕೂಡಿಸುವುದರಲ್ಲೂ ಎರಡು ದಾರಿ ನೋಡಿದೆವು. ಹೊರದೇಶದಲ್ಲಿರುವ ನೆಂಟರಿಗೆ, ಹಳೇ ಸ್ನೇಹಿತರಿಗೆ ವಾಟ್ಸಾಪ್ ಗ್ರೂಪಿನಲ್ಲಿ ಲಿಂಕ್ ಹಾಕಿದಾಗ ಹೆಬ್ಬೆಟ್ಟಿನ ಗುರುತು ಬಂತು, ದುಡ್ಡು ಬರಲಿಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡಿ, ಯಾಕೆ ಓಡುತ್ತಿದ್ದೇವೆ ಅಂತ ಹೇಳಿದಾಗ ಬಂತು. ಮೇಷ್ಟ್ರ ಹಳೇ ಶಿಷ್ಯರಂತೂ "ಸಾರ್, ನೀವು ಈ ವಯಸ್ಸಲ್ಲಿ ಓಡ್ತೀರಾ?" ಅಂತ ಕೇಳಿ ಅವತ್ತೇ ಹಾಕಿದರು. ನಾಚಿಕೆ ಬಿಟ್ಟು ಫೋನ್ ಮಾಡಿ. ಹಾಗೇ ಹಾಂಗ್‌ಕಾಂಗ್‌ಗೆ ನಮ್ಮ ಪಾಸ್‌ಪೋರ್ಟಿನವರು ಹೊರಡುವ ಮುಂಚೆ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು, ಅದು ಉಚಿತ, ಒಂದು ಸಲಕ್ಕೆ 14 ದಿನದವರೆಗೆ ಇರಬಹುದು.

ಕೊನೆಯ ದೊಡ್ಡ ಅಭ್ಯಾಸ ಮುಂದಿನ ಶನಿವಾರ. ರಾತ್ರಿಯೆಲ್ಲ ನಾಲೆ ಏರಿ, ಬೆಳಿಗ್ಗೆ ಮೊದಲ ಬಸ್ಸಿಗೆ ದುರ್ಗ, ನಿದ್ದೆಗಣ್ಣಲ್ಲೇ ಕೋಟೆ ಮೂರು ಸಲ. ಸುಸ್ತಾದ ಕಾಲಲ್ಲಿ ಮೆಟ್ಟಿಲು ಇಳಿಯೋದು ಹೇಗಿರುತ್ತದೆ ಅಂತ ಇನ್ನೂ ನೋಡಿಲ್ಲ, ಅದನ್ನು ಇಲ್ಲೇ ನೋಡಿಕೊಂಡು ಹೋಗಬೇಕು. ಅಕ್ಕ ಆಗಲೇ ಎರಡು ಸೇರು ಮಂಡಕ್ಕಿ ತಂದಿಟ್ಟಿದ್ದಾರೆ. ದುರ್ಗದವರು ಯಾರಾದರೂ ಜೊತೆಗೆ ಬರುವುದಾದರೆ ಭಾನುವಾರ ಕೋಟೆ ಬಾಗಿಲು ತೆರೆಯುವ ಹೊತ್ತಿಗೆ ಟಿಕೆಟ್ ಕೌಂಟರ್ ಹತ್ತಿರ ಇರುತ್ತೇವೆ. ಜೋಡಿ ಕೋಲು ಹಿಡಿದವರು ಮೇಷ್ಟ್ರು, ಗುರುತು ಸಿಗುತ್ತದೆ.