29 ಇಂಚು, 18 ಔನ್ಸ್: ಮಗಳ ಸಾಫ್ಟ್‌ಬಾಲ್ ಬ್ಯಾಟ್ ಎರಡು ಸೀಸನ್ ಆದ ಮೇಲೆ ಹೇಗಿದೆ?

ನನ್ನ ಮಗಳು ಫಾಸ್ಟ್‌ಪಿಚ್ ಸಾಫ್ಟ್‌ಬಾಲ್ ಆಡುತ್ತಾಳೆ. ಬೇಸ್‌ಬಾಲ್‌ನಂಥ ಆಟ, ಚೆಂಡನ್ನು ಕೈ ಕೆಳಗಿನಿಂದ ವೇಗವಾಗಿ ಎಸೆಯುತ್ತಾರೆ. ಹತ್ತು ವರ್ಷದವಳಿದ್ದಾಗ ತೆಗೆದುಕೊಂಡ ಅಲ್ಯೂಮಿನಿಯಂ ಬ್ಯಾಟ್ ಇದು. ಉದ್ದ 29 ಇಂಚು, ಡ್ರಾಪ್ (ಇಂಚಿನ ಉದ್ದಕ್ಕೂ ಔನ್ಸ್ ತೂಕಕ್ಕೂ ಇರುವ ಅಂತರ) 11. ಅಂದರೆ 29ರಲ್ಲಿ 11 ಕಳೆದರೆ 18 ಔನ್ಸ್, ಸುಮಾರು 510 ಗ್ರಾಂ. ಒಂದೇ ಉದ್ದದಲ್ಲಿ ಡ್ರಾಪ್ ಜಾಸ್ತಿ ಇದ್ದಷ್ಟೂ ಬ್ಯಾಟ್ ಹಗುರ.

ತೂಕದ ವಿಷಯದಲ್ಲಿ ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಭಾರದ ಬ್ಯಾಟ್ ಇದ್ದರೆ ಚೆಂಡು ದೂರ ಹೋಗುತ್ತದೆ ಎಂದು ಮೈದಾನದಲ್ಲಿ ಎಲ್ಲರೂ ಹೇಳುತ್ತಾರೆ. ಅದೇ ವೇಗದಲ್ಲಿ ಬೀಸಲು ಆದರೆ ಅದು ನಿಜ. ಮಕ್ಕಳಿಗೆ ಆಗಬೇಕಲ್ವಾ? ಪಿಚರ್, ಅಂದರೆ ಚೆಂಡೆಸೆಯುವವಳು, 35 ಅಡಿ ದೂರದಿಂದ ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಎಸೆದರೆ, ಚೆಂಡು ಸುಮಾರು ಅರ್ಧ ಸೆಕೆಂಡಿನಲ್ಲಿ ಎದುರಿಗೆ ಬಂದಿರುತ್ತದೆ. ನೋಡಿ, ಹೊಡೆಯಬೇಕೋ ಬೇಡವೋ ಎಂದು ತೀರ್ಮಾನಿಸಿ, ಬ್ಯಾಟ್ ಬೀಸುವುದೂ ಅಷ್ಟರೊಳಗೇ ಮುಗಿಯಬೇಕು. ಬ್ಯಾಟ್ ಭಾರವಾದರೆ ಮಗು ಚೆಂಡನ್ನು ಸರಿಯಾಗಿ ನೋಡುವ ಮೊದಲೇ ಬೀಸಲು ಶುರು ಮಾಡುತ್ತದೆ.

ಬ್ಯಾಟ್ ಕೊಳ್ಳುವಾಗ ಒಂದು ಪರೀಕ್ಷೆ ಮಾಡಿಸುತ್ತಾರೆ. ಒಂದೇ ಕೈಯಲ್ಲಿ ಬ್ಯಾಟನ್ನು ಪಕ್ಕಕ್ಕೆ ನೇರವಾಗಿ ಚಾಚಿ ಇಪ್ಪತ್ತು ಮೂವತ್ತು ಸೆಕೆಂಡು ಹಿಡಿಯಬೇಕು. ತುದಿ ಕೆಳಗೆ ಜಾರಿದರೆ ಭಾರ ಜಾಸ್ತಿ. ತೀರಾ ಭಾರದ್ದನ್ನು ಪಕ್ಕಕ್ಕಿಡಲು ಇದು ಸಾಕು, ಆದರೆ ಆಗ ಮಗು ದಣಿದಿರುವುದಿಲ್ಲ. ಅಭ್ಯಾಸದ ಕೊನೆಯ ಹತ್ತು ನಿಮಿಷ ನೋಡಿ. ಹಿಂದಿನ ಮೊಣಕೈ ಇಳಿಯುತ್ತಿದೆಯೇ? ಬಲಗೈ ಬ್ಯಾಟರ್ ಹೊಡೆದ ಚೆಂಡುಗಳು ಬಲಗಡೆಗೇ ಫೌಲ್ ಆಗುತ್ತಿವೆಯೇ, ಅಂದರೆ ಗೆರೆಯಾಚೆ ಹೋಗುತ್ತಿವೆಯೇ? ಹಾಗಾದರೆ ಸ್ವಿಂಗ್ ತಡವಾಗುತ್ತಿದೆ. ಈ ಬ್ಯಾಟ್‌ನಲ್ಲಿ ಮಗಳ ಕೊನೆಯ ಸ್ವಿಂಗ್ ಕೂಡ ಮೊದಲಿನ ಹಾಗೇ ಇರುತ್ತದೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ.

ಔನ್ಸ್ ಒಂದನ್ನೇ ನೋಡಿದರೂ ಸಾಲದು. ಇದರ ತೂಕ ಉದ್ದಕ್ಕೂ ಹಂಚಿಕೊಂಡಿದೆ. ಅದೇ 18 ಔನ್ಸ್ ತುದಿಯಲ್ಲೇ ಜಾಸ್ತಿ ಇರುವ ಬ್ಯಾಟ್ ಬೀಸುವಾಗ ಇದಕ್ಕಿಂತ ಭಾರ ಅನಿಸುತ್ತದೆ. ಹಾಗಾಗಿ ಅಂಗಡಿಯಲ್ಲಿ ಸುಮ್ನೆ ಕೈಯಲ್ಲಿ ಎತ್ತಿ ನೋಡಬೇಡಿ, ಬೀಸಿ ನೋಡಲು ಹೇಳಿ. ವೇಗದ ಪಿಚರ್ ಎದುರಾದಾಗ ಮಗಳು ಹಿಡಿಯನ್ನು ಒಂದು ಇಂಚು ಮೇಲಕ್ಕೆ ಹಿಡಿಯುತ್ತಾಳೆ. ಅಷ್ಟಕ್ಕೇ ಬ್ಯಾಟ್ ಇನ್ನೂ ಬೇಗ ತಿರುಗುತ್ತದೆ.

ಕುಂದುಗಳೂ ಇವೆ. ಚೆಂಡು ಬ್ಯಾರೆಲ್‌ನ (ಬ್ಯಾಟ್‌ನ ದಪ್ಪ ಭಾಗದ) ಸರಿಯಾದ ಜಾಗಕ್ಕೆ ತಾಗದಿದ್ದರೆ ಕೈ ಜುಮ್ಮೆನ್ನುತ್ತದೆ, ಚಳಿಯಲ್ಲಂತೂ ಇನ್ನೂ ಜಾಸ್ತಿ. ಗ್ರಿಪ್ ಮೊದಲ ಸೀಸನ್‌ನಲ್ಲೇ ಕಿತ್ತುಬಂತು. ಹೊಸದಾಗಿ ದಪ್ಪ ಟೇಪ್ ಸುತ್ತಿದ ಮೇಲೆ ತೊಂದರೆಯಿಲ್ಲ. ಬಣ್ಣ ಅಲ್ಲಲ್ಲಿ ಹೋಗಿದೆ, ಬ್ಯಾರೆಲ್ ಮಾತ್ರ ಎಲ್ಲೂ ತಗ್ಗಿಲ್ಲ. ಕಾಂಪೋಸಿಟ್ (ಕಾರ್ಬನ್ ನಾರಿನಂಥ ಮಿಶ್ರ ವಸ್ತುವಿನ) ಬ್ಯಾಟ್‌ನಂತೆ ಇದನ್ನು ಮೊದಲು ನೂರಾರು ಸಲ ಹೊಡೆದು ಪಳಗಿಸಬೇಕಿಲ್ಲ. ಕಲಿಯುವ ಮಕ್ಕಳಿಗೆ ಅದೂ ಅನುಕೂಲ.

ಈಗ ಅವಳು 11 ಇಂಚು ಸುತ್ತಳತೆಯ ಚೆಂಡು ಬಿಟ್ಟು ದೊಡ್ಡವರು ಆಡುವ 12 ಇಂಚಿನ ಚೆಂಡಿಗೆ ಬಂದಿದ್ದಾಳೆ. ಪಿಚರ್ ನಿಲ್ಲುವುದು 40 ಅಡಿ ದೂರದಲ್ಲಿ. ಎತ್ತರವೂ ಬೆಳೆದಿದೆ. ಮುಂದಿನ ಸೀಸನ್‌ಗೆ 30 ಇಂಚು, ಡ್ರಾಪ್ 11 ನೋಡುತ್ತಿದ್ದೇವೆ, ಅಂದರೆ 19 ಔನ್ಸ್. 31 ಇಂಚು, ಡ್ರಾಪ್ 9 ತೆಗೆದುಕೊಳ್ಳಿ, ಇನ್ನೂ ಮೂರು ವರ್ಷ ಬರುತ್ತದೆ ಎಂದು ಕೆಲವರು ಹೇಳಿದರು. ಅದು 22 ಔನ್ಸ್. ಒಂದೇ ಸಲಕ್ಕೆ ನಾಲ್ಕು ಔನ್ಸ್ ಏರಿಸಲು ನನಗೆ ಮನಸ್ಸಿಲ್ಲ.