ಹೆಸರು ತಿಳಿಯದ ಹರಳು ಕೀಟನಾಶಕವನ್ನು ಹುಲ್ಲುಹಾಸಿಗೆ ಹಾಕಲು ಬಿಡಬೇಡಿ

ಗೊಣ್ಣೆಹುಳುಗಳ ಕಾಟಕ್ಕೆಂದು ಹುಲ್ಲುಹಾಸಿಗೆ ಹರಳು ರೂಪದ ಕೀಟನಾಶಕ ಹಾಕಿಸಲು ಹೊರಟಿರುವವರು ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ಸಿಂಪಡಿಸುವ ಔಷಧಿಯಷ್ಟು ಘಾಟು ಹರಳಿಗೆ ಇರುವುದಿಲ್ಲ, ಅದು ಗಾಳಿಯಲ್ಲಿ ತೇಲಿ ಹೋಗುವುದೂ ಕಡಿಮೆ, ನೋಡಿದರೆ ರಸಗೊಬ್ಬರವೆಂದೇ ತೋರುತ್ತದೆ. ಹಾಗಾಗಿ ಅದರಿಂದ ಅಪಾಯವಿಲ್ಲವೆಂಬ ನಂಬಿಕೆ ಹಾಕುವವರಲ್ಲಿಯೂ ಹಾಕಿಸುವವರಲ್ಲಿಯೂ ಸುಲಭವಾಗಿ ಬೇರೂರುತ್ತದೆ. ನಮ್ಮ ಮನೆಯ ನಾಯಿ ಸಾವಿನ ಅಂಚಿಗೆ ಹೋಗಿ ಬಂದದ್ದು ಈ ನಂಬಿಕೆಯಿಂದಲೇ.

ಹುಲ್ಲು ಅಲ್ಲಲ್ಲಿ ಹಳದಿಯಾಗುತ್ತಿದ್ದುದರಿಂದ ತೋಟ ನಿರ್ವಹಣೆಯ ಕೆಲಸ ಮಾಡುವ ಒಬ್ಬರನ್ನು ಕರೆಸಿದ್ದೆವು. ಅವರು ನೆಲವನ್ನು ಒಂದಿಂಚೂ ಕೆದಕಿ ನೋಡದೆ ಗೊಣ್ಣೆಹುಳುವೇ ಕಾರಣವೆಂದು ಹೇಳಿ ಹೋದರು. ಮತ್ತೊಂದು ದಿನ ನಾವು ಹೊರಗೆ ಹೋಗಿದ್ದ ಹೊತ್ತಿನಲ್ಲಿ ಬಂದು, ದೊಡ್ಡ ಚೀಲದಿಂದ ಪ್ಲಾಸ್ಟಿಕ್ ಕವರಿಗೆ ಸುರಿದುಕೊಂಡು ತಂದಿದ್ದ ಹರಳನ್ನು ಕೈಯಿಂದಲೇ ಎರಚಿ, ಮೇಲೆ ನೀರನ್ನೂ ಹಾಯಿಸದೆ, ಹಾಕಿದ್ದೇನೆಂಬ ಸುದ್ದಿಯನ್ನೂ ಮುಟ್ಟಿಸದೆ ಹೊರಟುಹೋದರು. ನಾಯಿ ಆ ಹುಲ್ಲಿನ ಮೇಲೆ ಹೊರಳಾಡಿ ಪಾದಗಳನ್ನು ನೆಕ್ಕಿಕೊಂಡಿತ್ತು. ಸಂಜೆಯ ವೇಳೆಗೆ ಅದರ ಬಾಯಿಂದ ಜೊಲ್ಲು ನಿಲ್ಲದೆ ಸುರಿಯತೊಡಗಿತು. ಕಣ್ಣಲ್ಲಿ ನೀರು, ವಾಂತಿ, ತೊಡೆಯ ಸ್ನಾಯುಗಳಲ್ಲಿ ಅದುರು ಒಂದರ ಹಿಂದೊಂದು ಕಾಣಿಸಿಕೊಂಡವು.

ಪಶುವೈದ್ಯರು ಕೇಳಿದ ಮೊದಲ ಪ್ರಶ್ನೆ, ಯಾವ ಔಷಧಿ ಎಂಬುದು. ಹಾಕಿದವರಿಗೆ ಫೋನ್ ಮಾಡಿದರೆ, "ಹುಳುವಿನ ಔಷಧಿ, ಎಲ್ಲರ ಮನೆಗೂ ಅದನ್ನೇ ಹಾಕುತ್ತೇನೆ" ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗಲಿಲ್ಲ. ಕವರಿನ ಮೇಲೆ ಒಂದಕ್ಷರವೂ ಇರಲಿಲ್ಲ. ಕೊನೆಗೆ ವೈದ್ಯರು ಲಕ್ಷಣಗಳನ್ನು ನೋಡಿಯೇ ವಿಷದ ಗುಂಪನ್ನು ಅಂದಾಜಿಸಿ ಅಟ್ರೊಪಿನ್ ಕೊಟ್ಟರು. ನಾಯಿ ಬದುಕಿತು.

ಆ ಪ್ರಶ್ನೆಗೆ ಉತ್ತರ ಏಕೆ ಅಷ್ಟು ಮುಖ್ಯವೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹುಲ್ಲುಹಾಸಿಗೆ ಬಳಸುವ ಹರಳುಗಳೆಲ್ಲ ಒಂದೇ ಜಾತಿಯವಲ್ಲ. ಟ್ರೈಕ್ಲೋರ್ಫಾನ್‌ನಂತಹ ಆರ್ಗನೋಫಾಸ್ಫೇಟ್‌ಗಳೂ ಕಾರ್ಬರಿಲ್‌ನಂತಹ ಕಾರ್ಬಮೇಟ್‌ಗಳೂ ನರಗಳ ಸಂಕೇತವನ್ನು ನಿಲ್ಲಿಸುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಜೊಲ್ಲು, ವಾಂತಿ, ಭೇದಿ, ಕಿರಿದಾದ ಕಣ್ಣಪಾಪೆ, ಉಸಿರಾಟದ ತೊಂದರೆ ಎಲ್ಲವೂ ಅದರಿಂದಲೇ ಬರುತ್ತವೆ. ಇವೆರಡಕ್ಕೂ ಅಟ್ರೊಪಿನ್ ನೆರವಾಗುತ್ತದೆ, ಆದರೆ ಆರ್ಗನೋಫಾಸ್ಫೇಟ್ ವಿಷಕ್ಕೆ ಅದರ ಜೊತೆ ಕೊಡುವ ಪ್ರಾಲಿಡಾಕ್ಸಿಮ್ ಅನ್ನು ಕಾರ್ಬರಿಲ್ ವಿಷಕ್ಕೆ ಶಿಫಾರಸು ಮಾಡುವುದಿಲ್ಲ. ಬೈಫೆಂತ್ರಿನ್ ಮುಂತಾದ ಪೈರೆಥ್ರಾಯ್ಡ್‌ಗಳ ಹಾದಿಯೇ ಬೇರೆ, ಅವಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಇಮಿಡಾಕ್ಲೋಪ್ರಿಡ್ ಮತ್ತೊಂದು ಗುಂಪಿನದು. ಅಂದರೆ ಲೇಬಲ್ಲಿನ ಮೇಲಿರುವ ಆ ಒಂದು ಹೆಸರು ಚಿಕಿತ್ಸೆಯ ದಾರಿಯನ್ನೇ ತೀರ್ಮಾನಿಸುತ್ತದೆ. ಚಿಲ್ಲರೆಯಾಗಿ ಸುರಿದು ತಂದ ಹರಳಿಗೆ ಆ ಹೆಸರಿರುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದು ಅಜಾಗರೂಕತೆಗಿಂತ ದೊಡ್ಡ ತಪ್ಪು, ಮತ್ತು ಇದನ್ನು ಯಾರೂ ಸಹಿಸಿಕೊಳ್ಳಬೇಕಾಗಿಲ್ಲ.

ನೀರು ಹಾಯಿಸದೆ ಬಿಡುವುದು ಇದರಷ್ಟೇ ಕೆಟ್ಟದ್ದು. ಗೊಣ್ಣೆಹುಳುಗಳು ಇರುವುದು ಬೇರಿನ ಮಟ್ಟದಲ್ಲಿ. ಹರಳು ಹುಲ್ಲಿನ ಮೇಲೆ ಒಣಗಿ ಕುಳಿತಿದ್ದರೆ ಔಷಧಿ ಅವುಗಳನ್ನು ಮುಟ್ಟುವುದೇ ಇಲ್ಲ. ಗೊಣ್ಣೆಹುಳುಗಳಿಗೆ ಹಾಕುವ ಹೆಚ್ಚಿನ ಹರಳುಗಳ ಮೇಲೆ ಸುಮಾರು 12 ಮಿಲಿಮೀಟರಿನಷ್ಟು ನೀರು ಹಾಯಿಸಬೇಕು, ಆಮೇಲೆ ಹುಲ್ಲು ಪೂರ್ತಿ ಒಣಗುವವರೆಗೆ ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರವಿಡಬೇಕು. ಭಾರೀ ಮಳೆಯ ಮುನ್ಸೂಚನೆ ಇರುವಾಗ ಅಥವಾ ನೆಲ ನೀರುಂಡು ತುಂಬಿರುವಾಗ ಹಾಕಿದರೆ ಔಷಧಿ ಚರಂಡಿಗೆ, ಅಲ್ಲಿಂದ ಕೆರೆಗೆ ಹರಿಯುತ್ತದೆ. ಪೈರೆಥ್ರಾಯ್ಡ್‌ಗಳು ಮೀನುಗಳಿಗೆ ಅತ್ಯಂತ ವಿಷಕಾರಿ.

ಮೇಲೆ ಉಳಿದ ಹರಳನ್ನು ಹಕ್ಕಿಗಳು ಕಾಳೆಂದೋ ಮರಳಿನ ಕಣವೆಂದೋ ಹೆಕ್ಕುತ್ತವೆ. ಡಯಾಜಿನಾನ್ ಒಂದು ಕಾಲದಲ್ಲಿ ಹುಲ್ಲುಹಾಸುಗಳಿಗೆ ಬಲು ಸಾಮಾನ್ಯವಾಗಿದ್ದ ಔಷಧಿ. ಅದನ್ನು ಹಾಕಿದ ಹುಲ್ಲನ್ನು ಮೇಯ್ದ ಬಾತುಗಳು ಗುಂಪುಗುಂಪಾಗಿ ಸತ್ತದ್ದರಿಂದ ಅಮೆರಿಕದಲ್ಲಿ ಮೊದಲು ಗಾಲ್ಫ್ ಮೈದಾನಗಳಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು. ಮನುಷ್ಯರ, ಅದರಲ್ಲೂ ಮಕ್ಕಳ, ಆರೋಗ್ಯದ ಕಾಳಜಿಯೂ ಸೇರಿ 2004ರ ಕೊನೆಗೆ ಮನೆಬಳಕೆಯ ಮಾರಾಟವೂ ನಿಂತಿತು. ಕಾರ್ಬರಿಲ್ ಎರೆಹುಳುಗಳನ್ನು ಕೊಲ್ಲುತ್ತದೆ. ಇಮಿಡಾಕ್ಲೋಪ್ರಿಡ್ ಹಾಕುವ ಮುಂಚೆ ಹುಲ್ಲಿನ ನಡುವಿನ ಹೂವುಗಳನ್ನು ಕತ್ತರಿಸಿ ತೆಗೆಯದಿದ್ದರೆ ಅದು ಜೇನ್ನೊಣಗಳಿಗೂ ತಟ್ಟುತ್ತದೆ.

ಇಷ್ಟೆಲ್ಲ ಆದಮೇಲೆ ಹುಲ್ಲನ್ನು ಅಗೆದು ನೋಡಿದೆವು. ಬೇರುಗಳು ಗಟ್ಟಿಯಾಗಿದ್ದವು, ಹುಳು ಇರಲೇ ಇಲ್ಲವೆನ್ನುವಷ್ಟು ಕಡಿಮೆ. ಮಣ್ಣು ನೀರು ಇಳಿಯದಷ್ಟು ಬಿಗಿದುಕೊಂಡಿದ್ದುದೇ ಹುಲ್ಲು ಒಣಗಲು ಕಾರಣವಾಗಿತ್ತು. ಆ ವಿಷಕ್ಕೆ ಅಲ್ಲಿ ಕೆಲಸವೇ ಇರಲಿಲ್ಲವೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಪರೀಕ್ಷೆ ಕಷ್ಟದ್ದೇನಲ್ಲ. ಹಳದಿ ತೇಪೆಯ ಅಂಚಿನಲ್ಲಿ ಒಂದು ಚದರ ಅಡಿ ಹುಲ್ಲನ್ನು ಮೂರು ಬದಿ ಕತ್ತರಿಸಿ, ಎರಡು ಮೂರು ಅಂಗುಲ ಆಳದವರೆಗೆ ಮಗುಚಿ, ಬಾಗಿ ಮುದುಡಿಕೊಂಡ ಬಿಳಿ ಹುಳುಗಳನ್ನು ಎಣಿಸಿದರಾಯಿತು. ಐದಕ್ಕಿಂತ ಕಡಿಮೆಯಿದ್ದರೆ ಆರೋಗ್ಯವಂತ ಹುಲ್ಲು ತಾಳಿಕೊಳ್ಳುತ್ತದೆ. ಹತ್ತನ್ನು ದಾಟಿದರೆ ಚಿಕಿತ್ಸೆಯ ಮಾತು. ಹಾವಳಿ ನಿಜವಾಗಿದ್ದರೆ ಬೇರು ಕಡಿದುಹೋದ ಹುಲ್ಲು ಎಳೆದೊಡನೆ ಚಾಪೆಯಂತೆ ಎದ್ದು ಬರುತ್ತದೆ. ಹುಳುಗಳು ಎಳೆಯವಾಗಿದ್ದಾಗ ಮಾತ್ರ ಔಷಧಿ ಚೆನ್ನಾಗಿ ಹಿಡಿಯುತ್ತದೆ, ಬಲಿತ ಹುಳುವಿಗೂ ಕೋಶಾವಸ್ಥೆಗೂ ಸುರಿದದ್ದು ಬಹುಮಟ್ಟಿಗೆ ವ್ಯರ್ಥ. ನೆಲ ಒದ್ದೆಯಿದ್ದಾಗ ಸಂಜೆ ಹೊತ್ತು ಬಿಡುವ ಹೆಟೆರೋರಾಬ್ಡೈಟಿಸ್ ಎಂಬ ಉಪಕಾರಿ ಜಂತುಗಳೂ ಗೊಣ್ಣೆಹುಳುಗಳನ್ನು ಕೊಲ್ಲುತ್ತವೆ, ಅವುಗಳಿಂದ ಮನುಷ್ಯರಿಗೂ ನಾಯಿಗಳಿಗೂ ತೊಂದರೆಯಿಲ್ಲ.

ಯಾರನ್ನಾದರೂ ಕರೆಸಿ ಹಾಕಿಸುವುದೇ ಆದರೆ, ಮುಚ್ಚಿದ ಮೂಲ ಚೀಲವನ್ನು ನಿಮ್ಮೆದುರಿಗೇ ಒಡೆಯಲು ಹೇಳಿ ಲೇಬಲ್ಲಿನ ಫೋಟೊ ತೆಗೆದುಕೊಳ್ಳಿ. ಹುಲ್ಲುಹಾಸಿಗೆ ಬಳಸಬಹುದೆಂದು ಅದರ ಮೇಲೆ ಬರೆದಿಲ್ಲದಿದ್ದರೆ ವಾಪಸು ಕಳುಹಿಸಿ. ಹರಳು ಬೀಳಬೇಕಾದದ್ದು ಅಳತೆಗೆ ಹೊಂದಿಸಿದ ಸ್ಪ್ರೆಡರಿನಿಂದ, ಕೈಗವಸು, ಉದ್ದ ತೋಳಿನ ಅಂಗಿ ಮತ್ತು ಮುಚ್ಚಿದ ಪಾದರಕ್ಷೆ ತೊಟ್ಟವರಿಂದ.

ಹೆಸರು ತಿಳಿಯದ ಹರಳು ಈಗಾಗಲೇ ನಿಮ್ಮ ಅಂಗಳದಲ್ಲಿ ಬಿದ್ದಿದ್ದರೆ ಮಕ್ಕಳನ್ನೂ ಪ್ರಾಣಿಗಳನ್ನೂ ಅತ್ತ ಬಿಡಬೇಡಿ. ಕಾಲುದಾರಿಯ ಮೇಲೆ ಚೆಲ್ಲಿದ್ದನ್ನು ನೀರು ಹಾಕಿ ತೊಳೆಯದೆ, ಕೈಗವಸು ತೊಟ್ಟು ಗುಡಿಸಿ ಬಿಗಿಯಾದ ಡಬ್ಬಿಯಲ್ಲಿ ಮುಚ್ಚಿಡಿ. ನಾಯಿ ಅದನ್ನು ತುಳಿದಿದ್ದರೆ ಪಾದಗಳನ್ನು ಸಾಬೂನು ನೀರಿನಿಂದ ತೊಳೆಯಿರಿ. ಜೊಲ್ಲು ಅಥವಾ ನಡುಕ ಕಂಡರೆ ವಾಂತಿ ಮಾಡಿಸಲು ಹೋಗದೆ ಕೂಡಲೇ ವೈದ್ಯರ ಬಳಿಗೆ ಹೊರಡಿ, ಆ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.