ಸೆಕೆಂಡ್ ಹ್ಯಾಂಡ್ ಲಿವರ್ ರೈಫಲ್ ಕೊಳ್ಳುವ ಮುಂಚೆ ಚೇಂಬರಿನ ಬಾಯಿ ನೋಡಿ

ಟೆಕ್ಸಾಸ್‌ನ ಗಿರವಿ ಅಂಗಡಿಗಳಲ್ಲಿ ಹಳೇ .22 ಲಿವರ್ ರೈಫಲ್‌ಗಳು ಸಾಲಾಗಿ ನಿಂತಿರುತ್ತವೆ. .22 ಅಂದರೆ ತೋಟೆಯ ಸಣ್ಣ ಅಳತೆ. ಟ್ರಿಗರಿನ ಕೆಳಗಿನ ಲಿವರ್ ಎಳೆದು ಮುಚ್ಚಿದರೆ ಖಾಲಿ ಚಿಪ್ಪು ಹೊರಬಂದು ಮುಂದಿನ ತೋಟೆ ಒಳಗೆ ಹೋಗುತ್ತದೆ. ನೋಡಲು ಚೆಂದ, ತೋಟೆ ಅಗ್ಗ, ಹೆಗಲಿಗೆ ಒದೆತವೇ ಇಲ್ಲ. ಇಲ್ಲಿನ ಕನ್ನಡದ ಗೆಳೆಯರಲ್ಲೂ ಕೆಲವರು ಒಂದು ತಗೊಳ್ಳೋಣ ಅಂತ ಓಡಾಡುತ್ತಿದ್ದಾರೆ. ತಗೊಳ್ಳಿ, ಬೇಡ ಅನ್ನಲ್ಲ. ಆದರೆ ಅಂಗಡಿಯವನು ಖಾಲಿ ರೈಫಲ್‌ನ ಲಿವರ್ ಎಳೆದೆಳೆದು ಟಕ್ ಟಕ್ ಅಂತ ಕುದುರೆ (ಪಿನ್ನಿಗೆ ಬಡಿಯುವ ಸುತ್ತಿಗೆ) ಬೀಳಿಸಿ "ಎಷ್ಟು ಸ್ಮೂತ್ ನೋಡಿ" ಅಂದರೆ, ಅದನ್ನು ಅಲ್ಲೇ ಬಿಟ್ಟು ಬನ್ನಿ.

ನನಗೆ ಬೇಕಿದ್ದದ್ದು ವಿಂಚೆಸ್ಟರ್ 9422. 1972ರಲ್ಲಿ ಶುರುವಾಗಿ 2005ರಲ್ಲಿ ನಿಂತುಹೋದ ಮಾಡೆಲ್. ಈಗ ಬೇಕು ಅಂದರೆ ಹಳೆಯದೇ ಗತಿ, ಹಾಗಾಗಿ ಬೆಲೆಯೂ ಜೋರು. ಸಿಕ್ಕಿದ್ದು ಹೊರಗಿನಿಂದ ಹೊಸದರ ಹಾಗೇ ಇತ್ತು. ಮರದ ಹಿಡಿಯಲ್ಲಿ ಒಂದು ಗೀರಿಲ್ಲ. ನಳಿಕೆಗೆ ಟಾರ್ಚ್ ಬಿಟ್ಟರೆ ಒಳಗೆಲ್ಲ ಮಿರಮಿರ. "ಬೀರುವಿನಲ್ಲೇ ಇದ್ದದ್ದು, ಬಳಸೇ ಇಲ್ಲ" ಅಂದ ಅಂಗಡಿಯವನು. ಹೊಡೆದು ನೋಡಿ ತಗೊಳ್ಳಬಹುದಾ ಅಂತ ಕೇಳಿದೆ. ಆಗಲ್ಲ, ಇದ್ದದ್ದು ಇದ್ದ ಹಾಗೇ ಮಾರೋದು ಅಂದ. ಅಷ್ಟು ಹೇಳುತ್ತಿರುವಾಗಲೂ ಅವನ ಕೈಯಲ್ಲಿ ಟಕ್ ಟಕ್ ನಡೆದೇ ಇತ್ತು.

ಗುರಿ ಹೊಡೆಯುವ ರೇಂಜಿಗೆ ಒಯ್ದಾಗ ಮೊದಲ ತೋಟೆಗೇ ತಕರಾರು. ಪೂರ್ತಿ ಒಳಗೆ ಕೂರಲಿಲ್ಲ, ಲಿವರ್ ಮುಚ್ಚಲಿಲ್ಲ. .22ರಲ್ಲಿ ಬಲವಂತ ಮಾಡಬಾರದು, ಅಂಚು ಜಜ್ಜಿದರೆ ಅಲ್ಲೇ ಸಿಡಿಯಬಹುದು. ತೆಗೆದು ಇನ್ನೊಂದು ಹಾಕಿದೆ. ಅದು ಹಾರಿತು, ಆದರೆ ಖಾಲಿ ಚಿಪ್ಪು ಹೊರಗೆ ಬರಲಿಲ್ಲ. ಮುಂದಿನದರಲ್ಲಿ ಬರೀ ಕ್ಲಿಕ್. ಹೀಗಾದಾಗ ನಳಿಕೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಸುಮ್ನೆ ನಿಲ್ಲಬೇಕು, ತಡವಾಗಿ ಹಾರುವುದುಂಟು. ಬೇರೆ ಕಂಪನಿಯ ತೋಟೆ ಹಾಕಿದರೂ ಅದೇ ಕಥೆ.

ರಿಪೇರಿಯವರು ಅದನ್ನು ಬಿಚ್ಚಿ, ತೋಟೆಯನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ತೆಗೆದು, ಚೇಂಬರಿನ, ಅಂದರೆ ನಳಿಕೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡಿನ, ಬಾಯಿ ತೋರಿಸಿದರು. ಅಂಚಿನಲ್ಲಿ ಉಳಿ ಇಟ್ಟು ಹೊಡೆದ ಹಾಗೆ ಒಂದು ಸಣ್ಣ ಗುಳಿ. ಅಲ್ಲಿಂದ ಸರಿದ ಉಕ್ಕು ಒಳಗಡೆಗೆ ಚಾಚಿಕೊಂಡಿತ್ತು. ಉಗುರು ಆಡಿಸಿದರೆ ತಡೆಯುತ್ತಿತ್ತು.

ಊರಲ್ಲಿ 12 ಬೋರಿನ ಕೋವಿ ನೋಡಿ ಬೆಳೆದವರಿಗೆ ಇದು ಹೊಸ ವಿಷಯ. ಆ ತೋಟೆಯಲ್ಲಿ ಬೆಂಕಿ ಹತ್ತಿಸುವ ಮದ್ದು ತಳದ ನಟ್ಟನಡುವಿನ ಕ್ಯಾಪ್‌ನಲ್ಲಿರುತ್ತದೆ. .22ರಲ್ಲಿ ಕ್ಯಾಪ್ ಇಲ್ಲ. ಮದ್ದು ಚಿಪ್ಪಿನ ಅಂಚಿನ ಮಡಿಕೆಯೊಳಗೇ ಇರುತ್ತದೆ, ಪಿನ್ ಹೊಡೆಯುವುದೂ ಆ ಅಂಚಿಗೇ. ತೋಟೆ ಇಲ್ಲದಿದ್ದರೆ ಆ ಏಟು ಸೀದಾ ಚೇಂಬರಿನ ಅಂಚಿಗೆ ಬೀಳಬಹುದು. ಪಿನ್ ಅಲ್ಲಿಯವರೆಗೆ ಮುಟ್ಟದ ಹಾಗೆ ಮಾಡಿರುವ ರೈಫಲ್‌ಗಳೂ ಇವೆ, ಆದರೆ ಯಾರ್ಯಾರ ಕೈಯಲ್ಲೋ ಸವೆದು ಬಂದ ಮಾಲಿನಲ್ಲಿ ಅದನ್ನು ನಂಬಿ ಕೂರೋಕಾಗಲ್ಲ. ಗುಳಿ ಬಿದ್ದ ಕಡೆ ತೋಟೆಯ ಅಂಚಿಗೆ ಆಸರೆ ಇರುವುದಿಲ್ಲ. ಅದಕ್ಕೇ ಆ ಕ್ಲಿಕ್.

ಗುಳಿಯಾದರೂ ರಿಪೇರಿ ಆಯಿತು. ನನಗೆ ಬೆವರಿಳಿಸಿದ್ದು ಇನ್ನೊಂದು. ನಳಿಕೆಯ ಕೆಳಗೆ ತೋಟೆ ತುಂಬುವ ಕೊಳವೆ ಇದೆಯಲ್ಲ, ಅದು ಒಂದು ಕಡೆ ಚೂರು ಜಜ್ಜಿತ್ತು. ಕಣ್ಣಿಗೆ ಕಾಣುವಷ್ಟೂ ಇರಲಿಲ್ಲ. ರೇಂಜಿನಲ್ಲಿ ಎಲ್ಲರೂ ಖಾಲಿ ಮಾಡಿ ಅಂದಾಗ ಅದರೊಳಗಿನ ತೋಟೆ ತಳ್ಳುವ ಒಳಗೊಳವೆ ಎಳೆದು ರೈಫಲ್ ಬಗ್ಗಿಸಿದೆ, ಏನೂ ಬೀಳಲಿಲ್ಲ. ಲಿವರ್ ಹಲವು ಸಲ ಎಳೆದೆ, ಏನೂ ಬರಲಿಲ್ಲ. ಖಾಲಿ ಅಂತಾಯಿತು. ಮೇಜಿನ ಮೇಲೆ ಇಡುವಾಗ ಸ್ವಲ್ಪ ಕುಲುಕಿತು ನೋಡಿ, ಸಿಕ್ಕಿಕೊಂಡಿದ್ದ ಒಂದು ತೋಟೆ ಜಾರಿ ಬಂದು ತೆರೆದ ಬಾಯಲ್ಲಿ ಕೂತುಬಿಟ್ಟಿತು. ಪಕ್ಕದಲ್ಲಿದ್ದ ರೇಂಜ್ ಆಫೀಸರ್ ಬೆರಳು ತೋರಿಸಿ "ಇದೇನು?" ಅಂದರು. ಲಿವರ್ ತೆರೆದೇ ಇತ್ತು, ಹಾಗಾಗಿ ಏನೂ ಆಗಲಿಲ್ಲ. ಮುಚ್ಚಿದ್ದರೆ ಅದು ನೇರ ಚೇಂಬರಿಗೆ ಹೋಗುತ್ತಿತ್ತು.

ಅಂಗಡಿಗೆ ವಾಪಸ್ ಒಯ್ದೆ. ಅವನು ರಸೀದಿಯ ಕೊನೇ ಸಾಲಿನ ಮೇಲೆ ಬೆರಳಿಟ್ಟ, ಅಷ್ಟೇ. ಪಕ್ಕದ ಕೌಂಟರಿನಲ್ಲಿ ಇನ್ನೊಬ್ಬ ಗಿರಾಕಿಗೆ ಟಕ್ ಟಕ್ ನಡೀತಾ ಇತ್ತು.

9422 ಆಗಲಿ, ಅದೇ ಬಗೆಯ ಇನ್ನೊಂದು .22 ಲಿವರ್ ರೈಫಲ್ ಮಾರ್ಲಿನ್ 39ಎ ಆಗಲಿ, ಪಕ್ಕದ ಒಂದೇ ಒಂದು ಸ್ಕ್ರೂ ಬಿಚ್ಚಿದರೆ ಎರಡು ಭಾಗವಾಗುತ್ತದೆ. ಚೇಂಬರ್ ಕಾಣುತ್ತದೆ. ದುಡ್ಡು ಕೊಡುವ ಮುಂಚೆ ಬಿಚ್ಚಿಸಿ ನೋಡಿ, ಒಪ್ಪದಿದ್ದರೆ ಬೇರೆ ಅಂಗಡಿ ಇದೆ. ಪ್ಲಾಸ್ಟಿಕ್ಕಿನ ಡಮ್ಮಿ ತೋಟೆ ಒಯ್ದು, ಕೇಳಿಕೊಂಡೇ ಕೊಳವೆ ತುಂಬ ತುಂಬಿ, ಹಾಕಿದ್ದಷ್ಟೂ ಹೊರಬರುತ್ತದಾ ಎಣಿಸಿ. ನಳಿಕೆಯ ಮೇಲಿನ ಅಕ್ಷರವನ್ನೂ ಓದಿ. 9422ರ ಪಕ್ಕದಲ್ಲೇ 9422ಎಂ ನಿಂತಿರುತ್ತದೆ, ನೋಡಲು ಅಣ್ಣತಮ್ಮಂದಿರು. ಎಂ ಅಂದರೆ .22 ಮ್ಯಾಗ್ನಮ್. ಮಾಮೂಲಿ ಲಾಂಗ್ ರೈಫಲ್ ತೋಟೆ ಅದರ ಚೇಂಬರಿಗೆ ಸಡಿಲ, ಹೊಡೆದರೆ ಚಿಪ್ಪು ಸೀಳಿ ಬಿಸಿ ಗ್ಯಾಸ್ ಮುಖಕ್ಕೆ ಬರಬಹುದು. ಇಷ್ಟೆಲ್ಲ ತಲೆನೋವು ಬೇಡ ಅನ್ನುವವರು ಹೆನ್ರಿ ಕಂಪನಿಯ ಹೊಸ ಲಿವರ್ ರೈಫಲ್ ತಗೊಂಡು ನೆಮ್ಮದಿಯಾಗಿರಿ.

ಇನ್ನು ಎಚ್-1ಬಿ, ಎಚ್-4, ಎಲ್-1, ಎಫ್-1ನಲ್ಲಿ ಇರುವವರು ಕೊಳ್ಳುವ ಮಾತು ಆಮೇಲೆ, ಮುಟ್ಟುವ ಮುಂಚೆಯೇ ಕಾನೂನು ನೋಡಿ. ಅಮೆರಿಕದ ಬಂದೂಕು ಕಾನೂನಿಗೆ 1998ರಲ್ಲಿ ಆದ ತಿದ್ದುಪಡಿಯ ನಂತರ ತಾತ್ಕಾಲಿಕ ವೀಸಾದವರು ಬಂದೂಕು, ತೋಟೆ ಎರಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಸಿಂಧುವಾದ ಬೇಟೆ ಲೈಸೆನ್ಸ್ ಇದ್ದವರಿಗೆ ಮತ್ತು ಇನ್ನು ಕೆಲವರಿಗೆ ವಿನಾಯಿತಿ ಇದೆ. "ಗೆಳೆಯನ ರೈಫಲ್, ರೇಂಜಿನಲ್ಲಿ ಒಂದೆರಡು ಸಲ ಹೊಡೆದೆ ಅಷ್ಟೇ" ಅನ್ನುವುದು ರಕ್ಷಣೆ ಆಗಲ್ಲ. ಸಿಕ್ಕಿಬಿದ್ದರೆ ಜೈಲಿನ ಜೊತೆ ವೀಸಾ ಕೂಡ ಹೋಗಬಹುದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ, ಆದರೆ ರಾಜ್ಯದ ನಿಯಮವನ್ನೂ ನೋಡಿಕೊಳ್ಳಬೇಕು.

ಊರಿಗೆ ಹೊರಡುವವರಿಗೆ ಒಂದು ಮಾತು. .22 ತೋಟೆ ಒಂದು ಇಂಚು ಉದ್ದ, ಬ್ಯಾಗಿನ ಹೊಲಿಗೆ ಸಂದಿಗೆ ಸೇರಿದರೆ ಕಾಣುವುದೇ ಇಲ್ಲ. ಇಲ್ಲಿ ಕಣ್ತಪ್ಪಿ ಹೋದದ್ದು ಬೆಂಗಳೂರಿನಿಂದ ವಾಪಸ್ ಬರುವಾಗ ಎಕ್ಸ್-ರೇಯಲ್ಲಿ ಸಿಗಬಹುದು. ಒಂದೇ ಒಂದು ತೋಟೆಗೂ ಆಯುಧ ಕಾಯ್ದೆಯಡಿ ಕೇಸ್ ಆಗುತ್ತದೆ. ಗೊತ್ತಿಲ್ಲದೆ ಉಳಿದದ್ದು ಅಂತ ಕೋರ್ಟುಗಳು ಇಂಥ ಕೇಸ್ ರದ್ದು ಮಾಡಿದ್ದೂ ಉಂಟು, ಆದರೆ ಅಷ್ಟರಲ್ಲಿ ವಿಮಾನವೂ ಹೋಗಿರುತ್ತದೆ, ರಜೆಯೂ ಮುಗಿದಿರುತ್ತದೆ. ರೇಂಜಿನ ಬ್ಯಾಗ್ ಬೇರೆಯೇ ಇಡಿ, ಅದನ್ನು ಊರಿನ ಸಾಮಾನಿಗೆ ಸೇರಿಸಬೇಡಿ.